ಟೆನಿಸ್ ಸರ್ವ್: ಚೆಂಡನ್ನು ಕೆಳಕ್ಕೆ ಹೊಡೆಯಬೇಕೆ?

ಟೆನಿಸ್ ಕಲಿಯಲು ಸೇರಿದ ಮಕ್ಕಳ ಕಿವಿಗೆ ಬೇಗನೆ ಬೀಳುವ ಮಾತುಗಳು ಎರಡು. "ಸರ್ವ್ ಮಾಡುವಾಗ ಚೆಂಡನ್ನು ಕೆಳಕ್ಕೆ ಹೊಡಿ" ಎನ್ನುವುದು ಒಂದು, "ಮಣಿಕಟ್ಟನ್ನು ಫಟ್ಟನೆ ಬಗ್ಗಿಸು" ಎನ್ನುವುದು ಇನ್ನೊಂದು. ಟಿವಿಯಲ್ಲಿ ದೊಡ್ಡ ಆಟಗಾರರನ್ನು ನೋಡಿದರೆ ಎರಡೂ ಸರಿ ಎಂದೇ ಅನಿಸುತ್ತದೆ. ದೇಹದ ಚಲನೆಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡುವ ಬಯೋಮೆಕ್ಯಾನಿಕ್ಸ್ ಏನು ಹೇಳುತ್ತದೆ ನೋಡೋಣ.

ಮೊದಲ ಮಾತಿಗೆ ಹೈಸ್ಕೂಲಿನ ಗಣಿತವೇ ಸಾಕು. ಬೇಸ್‌ಲೈನ್‌ನಿಂದ ನೆಟ್‌ಗೆ 11.885 ಮೀಟರ್. ನೆಟ್‌ನಿಂದ ಆಚೆಯ ಸರ್ವಿಸ್ ಗೆರೆಗೆ 6.40 ಮೀಟರ್. ನಡುವಿನಲ್ಲಿ ನೆಟ್‌ನ ಎತ್ತರ 0.914 ಮೀಟರ್. ಚೆಂಡು ದಾರ ಎಳೆದ ಹಾಗೆ ನೇರವಾಗಿ ಹೋಗುತ್ತದೆ ಎಂದುಕೊಂಡರೆ, ನೆಟ್ ದಾಟಿ ಗೆರೆಯೊಳಗೆ ಬೀಳಲು ಅದನ್ನು ಕನಿಷ್ಠ 2.61 ಮೀಟರ್ ಎತ್ತರದಲ್ಲಿ ಹೊಡೆಯಬೇಕು. ರಾಕೆಟ್ ಚಾಚಿದಾಗ ನಮಗೆ ಎಟುಕುವುದು ಸುಮಾರಾಗಿ ನಮ್ಮ ಎತ್ತರದ ಒಂದೂವರೆ ಪಟ್ಟು. ನಾಲ್ಕೂವರೆ ಅಡಿಯ ಮಗುವಿಗೆ ಎರಡು ಮೀಟರ್ ಚಿಲ್ಲರೆ, ಅಷ್ಟೆ.

ಹಾಗಾದರೆ ಮಕ್ಕಳ ಸರ್ವ್ ಒಳಗೆ ಬೀಳುವುದು ಹೇಗೆ? ಗುರುತ್ವಾಕರ್ಷಣೆಯಿಂದ. ಆ ಮಗು ಗಂಟೆಗೆ 70 ಕಿ.ಮೀ. ವೇಗದಲ್ಲಿ ಚೆಂಡನ್ನು ನೆಲಕ್ಕೆ ಸಮಾನಾಂತರವಾಗಿ ಹೊಡೆಯಿತು ಎನ್ನಿ. ನೆಟ್ ಮುಟ್ಟಲು 0.6 ಸೆಕೆಂಡ್ ಬೇಕು. ಅಷ್ಟರಲ್ಲಿ ಚೆಂಡು 1.8 ಮೀಟರ್ ಕೆಳಗಿಳಿದಿರುತ್ತದೆ, ಅಂದರೆ ನೆಟ್‌ನ ಬುಡಕ್ಕೆ ಹೋಗಿ ಬಡಿಯುತ್ತದೆ. ಗಾಳಿಯ ಅಡ್ಡಿಯನ್ನು ನಾವಿಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಆದ್ದರಿಂದ ಮಗು ಹೊಡೆಯಬೇಕಾದದ್ದು ಮೇಲಕ್ಕೆ. ಕೊಡಗಿನ ರೋಹನ್ ಬೋಪಣ್ಣ ಅವರಂತೆ ಆರಡಿ ಮೀರಿದ ಆಟಗಾರರು ಕೆಳಮುಖವಾಗಿ ಹೊಡೆಯುವುದು ನಿಜ. ಆದರೆ ಗಂಟೆಗೆ 200 ಕಿ.ಮೀ. ವೇಗದ ಸರ್ವ್‌ನಲ್ಲೂ ಆ ಇಳಿಜಾರು ಹೆಚ್ಚೆಂದರೆ ಎಂಟು ಡಿಗ್ರಿಯಷ್ಟು.

ಮಣಿಕಟ್ಟಿನ ಮಾತು ಇಷ್ಟು ಸಲೀಸಲ್ಲ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಬ್ರೂಸ್ ಎಲಿಯಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೆಂಡನ್ನು ತಾಗುವ ಗಳಿಗೆಯಲ್ಲಿ ರಾಕೆಟ್‌ಗಿರುವ ವೇಗದ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ತೋಳು ಭುಜದಲ್ಲಿ ಒಳಮುಖವಾಗಿ ತಿರುಗುವುದರಿಂದ. ಮಣಿಕಟ್ಟಿನ ಪಾಲು ಮೂರನೇ ಒಂದರಷ್ಟು. ಇದೇನೂ ಕಡಿಮೆಯಲ್ಲ! ಆದರೆ ಆ ವೇಗ ಮಣಿಕಟ್ಟಿನಲ್ಲೇ ಹುಟ್ಟಿದ್ದಲ್ಲ. ಅದು ಕಾಲು, ಸೊಂಟ, ಮುಂಡ, ಭುಜ, ಮೊಣಕೈಗಳನ್ನು ದಾಟಿ ಕೊನೆಗೆ ಅಲ್ಲಿಗೆ ಬಂದು ತಲುಪಿದ್ದು. ಫೋಟೋಗಳಲ್ಲಿ ಕಾಣುವ ಬಾಗಿದ ಮಣಿಕಟ್ಟು ಹೆಚ್ಚಾಗಿ ಚೆಂಡು ಹೊರಟುಹೋದ ಮೇಲಿನದು. ಚೆಂಡು ತಂತಿಗಳ ಮೇಲಿರುವುದು ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತು. ಆಮೇಲೆ ಮಣಿಕಟ್ಟು ಏನು ಮಾಡಿದರೂ ಚೆಂಡಿಗೆ ಅದರ ಗೊಡವೆಯಿಲ್ಲ.

ಇದನ್ನು ಬರಿಯ ತಾಂತ್ರಿಕ ಜಗಳ ಎಂದು ತಳ್ಳಿಹಾಕುವ ಹಾಗಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಟಗಾರರನ್ನು ಚಿತ್ರೀಕರಿಸಿ ನಡೆಸಿದ ವಿಶ್ಲೇಷಣೆಯಲ್ಲಿ, ಮಂಡಿಯನ್ನು ಚೆನ್ನಾಗಿ ಬಗ್ಗಿಸಿ ಮೇಲೇಳುವವರ ಭುಜದ ಮೇಲೆ ಬೀಳುವ ಹೊರೆ ಕಡಿಮೆ ಎಂದು ಕಂಡುಬಂತು. ಕಾಲನ್ನು ಮರೆತು ಕೈಯಿಂದಲೇ ವೇಗ ಹುಡುಕುವ ಹನ್ನೆರಡರ ಹುಡುಗಿ ಅದೇ ಹೊರೆಯನ್ನು ದಿನಕ್ಕೆ ನೂರು ಸಲ ಭುಜದ ಮೇಲೆ ಹೇರಿಕೊಳ್ಳುತ್ತಾಳೆ.

ಹಾಗೆಂದು ಕೋಚ್ "ಭುಜವನ್ನು ಒಳಮುಖವಾಗಿ ತಿರುಗಿಸು" ಎಂದು ಪಾಠ ಮಾಡಬೇಕೇ? ಬೇಡ. ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಬಯೋಮೆಕ್ಯಾನಿಕ್ಸ್ ತಿಳಿದಿರಬೇಕಾದವರು ಕಲಿಸುವವರು, ಅದರ ಪದಗಳು ಕಲಿಯುವವರಿಗೆ ಬೇಕಿಲ್ಲ. ತನ್ನ ಕೈಕಾಲಿನ ಮೇಲೆ ಗಮನವಿಡುವ ಬದಲು ಚೆಂಡು ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಗಮನವಿಟ್ಟಾಗ ಕಲಿಕೆ ಸುಗಮವಾಗುತ್ತದೆ ಎಂಬುದನ್ನು ಗೇಬ್ರಿಯೆಲ್ ವುಲ್ಫ್ ಅವರ ಪ್ರಯೋಗಗಳು ಹಲವು ಆಟಗಳಲ್ಲಿ ತೋರಿಸಿವೆ. "ಚೆಂಡು ನೆಟ್‌ಗಿಂತ ಎರಡು ಅಡಿ ಮೇಲೆ ಹೋಗಲಿ" ಎಂದರೆ ಮಗು ತಾನಾಗಿಯೇ ಮೇಲಕ್ಕೆ ಹೊಡೆಯುತ್ತದೆ. ಬೌಂಡರಿಯಿಂದ ಕ್ರಿಕೆಟ್ ಚೆಂಡು ಎಸೆದು ಗೊತ್ತಿರುವ ಮಕ್ಕಳಿಗೆ "ರಾಕೆಟ್ಟನ್ನು ಹಾಗೇ ಎಸೆಯುವಂತೆ ಬೀಸು" ಎಂದರೂ ಸಾಕು, ಎರಡರಲ್ಲೂ ದೇಹದ ಭಾಗಗಳು ಒಂದಾದ ಮೇಲೊಂದು ತಿರುಗುವ ಸರದಿ ಬಹುತೇಕ ಒಂದೇ. ಆದರೆ ರಾಕೆಟ್ಟನ್ನು ತವಾ ಹಿಡಿದಂತೆ ಹಿಡಿದಿದ್ದರೆ ತೋಳು ತಿರುಗುವುದೇ ಇಲ್ಲ, ಹಾಗಾಗಿ ಹಿಡಿತವನ್ನು ಮೊದಲು ತಿದ್ದಬೇಕು.

ಮಕ್ಕಳ ಎತ್ತರದ ಸಮಸ್ಯೆಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಬೇರೆಯೇ ದಾರಿ ಹಿಡಿಯಿತು. 2012ರಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ. ನಿಧಾನವಾಗಿ ಸಾಗುವ, ಕಡಿಮೆ ಪುಟಿಯುವ ಕೆಂಪು, ಕಿತ್ತಳೆ, ಹಸಿರು ಚೆಂಡುಗಳೇ ಆಗಬೇಕು. ಕೆಂಪು ಚೆಂಡಿನ ಅಂಗಣದ ಉದ್ದ ಸುಮಾರು 11 ಮೀಟರ್ ಮಾತ್ರ. ಮಗುವನ್ನು ಅಕಾಡೆಮಿಗೆ ಸೇರಿಸುವ ಮುಂಚೆ ಒಂದು ಸಂಜೆ ಹೋಗಿ, ಎಂಟು ವರ್ಷದವರ ಬುಟ್ಟಿಯಲ್ಲಿ ಯಾವ ಬಣ್ಣದ ಚೆಂಡುಗಳಿವೆ ಎಂದು ನೋಡಿ ಬನ್ನಿ.