ಇನ್ನೊಂದು ಹೊಡೆತ

ಗಾಲ್ಫ್ ಆಟವನ್ನು ನಮ್ಮಲ್ಲಿ ಆಡಿದವರಿಗಿಂತ ಬೇಲಿಯಾಚೆ ನಿಂತು ನೋಡಿದವರೇ ಹೆಚ್ಚು. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ. ಅಂದಿನಿಂದ ಅದರ ಹೊರಗಿನ ರಸ್ತೆಯಲ್ಲಿ ಜಟಕಾಗಳು ಹೋದವು, ಬಸ್ಸುಗಳು ಬಂದವು. ದಾರಿಹೋಕರ ಸೋಜಿಗ ಮಾತ್ರ ಹಾಗೆಯೇ ಉಳಿಯಿತು. ಅಷ್ಟು ಚಿಕ್ಕ ಚೆಂಡನ್ನು ಅಷ್ಟು ದೂರದ ಕುಳಿಗೆ ಬೀಳಿಸಲು ದೊಡ್ಡ ದೊಡ್ಡ ಮನುಷ್ಯರು ಬಿಸಿಲಿನಲ್ಲಿ ಏಕೆ ನಡೆದು ಬಳಲುತ್ತಾರೆ? ಆ ಪ್ರಶ್ನೆಗೆ ಉತ್ತರ ಅವರಿಗೇ ಗೊತ್ತು. ಆಟದ ವೈಭವ ಬೇಲಿಯೊಳಗೇ ಇರಲಿ. ಆದರೆ ಅದರ ಪರಿಭಾಷೆಯಲ್ಲಿ ಒಂದು ಶಬ್ದವಿದೆ. ಅದೊಂದನ್ನು ಮಾತ್ರ ಬೇಲಿ ದಾಟಿಸಿ ಮನೆಗೆ ತರುವುದು ಲೇಸೆಂದು ನನಗೆ ತೋರುತ್ತದೆ. ಆ ಶಬ್ದ ‘ಮಲ್ಲಿಗನ್’. ನಮ್ಮ ಮಲ್ಲಿಗೆಗೂ ಅದಕ್ಕೂ ನಂಟಿಲ್ಲ. ಆದರೂ ಪರಿಮಳವೇನೂ ಕಡಮೆಯದಲ್ಲ.

ಸಂಗತಿ ಇಷ್ಟೆ. ನಾಲ್ವರು ಗೆಳೆಯರು ಬೆಳಗ್ಗೆ ಆಟಕ್ಕೆ ನಿಂತಿದ್ದಾರೆ. ಮೊದಲನೆಯವನು ಕೋಲೆತ್ತಿ ಬೀಸುತ್ತಾನೆ. ಚೆಂಡು ಎದುರಿನ ಹುಲ್ಲುಹಾಸಿಗೆ ಹೋಗುವ ಬದಲು ಪಕ್ಕದ ಪೊದೆಗೆ ನುಗ್ಗುತ್ತದೆ, ಇಲ್ಲವೆ ನಾಲ್ಕು ಮಾರು ಉರುಳಿ ನಿಂತುಬಿಡುತ್ತದೆ. ಅವನ ಮುಖ ಬಾಡುತ್ತದೆ. ಆಗ ಗೆಳೆಯರಲ್ಲೊಬ್ಬನು, “ಹೋಗಲಿ ಬಿಡಯ್ಯ, ಇನ್ನೊಂದು ಹೊಡಿ” ಎನ್ನುತ್ತಾನೆ. ಮೊದಲಿನ ಹೊಡೆತ ಲೆಕ್ಕಕ್ಕಿಲ್ಲ. ಅದಕ್ಕೆ ದಂಡವೂ ಇಲ್ಲ. ಇದಕ್ಕೇ ಮಲ್ಲಿಗನ್ ಎಂದು ಹೆಸರು.

ಹೆಸರು ಬಂದ ಬಗೆಗೆ ಕಥೆಗಳು ಒಂದೆರಡಲ್ಲ. 1920ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಬಳಿಯ ಸೇಂಟ್ ಲ್ಯಾಂಬರ್ಟ್ ಕ್ಲಬ್ಬಿನಲ್ಲಿ ಡೇವಿಡ್ ಮಲ್ಲಿಗನ್ ಎಂಬ ಹೋಟೆಲ್ ವ್ಯವಸ್ಥಾಪಕರು ಆಡುತ್ತಿದ್ದರಂತೆ. ಗೆಳೆಯರನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು, ಹಾಳು ರಸ್ತೆಯಲ್ಲಿ ಕುಲುಕಾಡಿಕೊಂಡು ಕ್ಲಬ್ಬಿಗೆ ಬಂದಾಗ ಅವರ ಕೈ ಇನ್ನೂ ನಡುಗುತ್ತಿತ್ತು. ಅದನ್ನು ಕಂಡ ಗೆಳೆಯರು ಅವರ ಮೊದಲ ಹೊಡೆತವನ್ನು ಮನ್ನಿಸಿದರು ಎಂಬುದು ಒಂದು ಕಥೆ. ಇನ್ನೊಂದು ಕಥೆಯ ಮಲ್ಲಿಗನ್ ಅಮೆರಿಕದ ನ್ಯೂಜೆರ್ಸಿಯವನು. 1930ರ ದಶಕದಲ್ಲಿ ಎಸೆಕ್ಸ್ ಫೆಲ್ಸ್ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆಬರೆಯ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ನೌಕರ. ಕೆಲಸ ಮುಗಿಸಿ ಆಟಕ್ಕೆ ಬಂದವನ ಮೊದಲ ಹೊಡೆತ ಕೆಟ್ಟಿತು. “ನೀವು ಬೆಳಗಿನಿಂದ ಅಭ್ಯಾಸ ಮಾಡಿದ್ದೀರಿ, ನಾನು ಬೆಳಗಿನಿಂದ ದುಡಿದಿದ್ದೇನೆ. ನನಗೆ ಇನ್ನೊಂದು ಕೊಡಿ” ಎಂಬರ್ಥದಲ್ಲಿ ಅವನು ಕೇಳಿದನಂತೆ, ಜೊತೆಯವರು ಒಪ್ಪಿದರಂತೆ.

ಯಾವುದು ನಿಜವೋ, ಎರಡೂ ಕಟ್ಟುಕಥೆಯೋ, ಅದನ್ನು ಪಂಡಿತರು ತೀರ್ಮಾನಿಸಲಿ. ಎರಡರಲ್ಲಿಯೂ ಒಂದು ನ್ಯಾಯವಿರುವುದನ್ನು ಮಾತ್ರ ಗಮನಿಸಬೇಕು. ಒಬ್ಬನ ಕೈ ನಡುಗುತ್ತಿತ್ತು. ಇನ್ನೊಬ್ಬನಿಗೆ ಅಭ್ಯಾಸಕ್ಕೆ ಬಿಡುವಿರಲಿಲ್ಲ. ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಂತೆ ಕಂಡರೂ ಎಲ್ಲರೂ ಒಂದೇ ದಾರಿಯಿಂದ ಅಲ್ಲಿಗೆ ಬಂದಿರುವುದಿಲ್ಲ.

ಇಷ್ಟೊಂದು ಪ್ರಸಿದ್ಧವಾದ ಈ ಮಲ್ಲಿಗನ್ ಗಾಲ್ಫಿನ ನಿಯಮಗ್ರಂಥದಲ್ಲಿ ಇಲ್ಲವೇ ಇಲ್ಲ! 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬರೆದ 13 ನಿಯಮಗಳಲ್ಲೂ ಇರಲಿಲ್ಲ. ಇಂದಿನ ನಿಯಮಗಳಲ್ಲೂ ಇಲ್ಲ. ಗ್ರಂಥವೂ ಎರಡನೆಯ ಚೆಂಡನ್ನು ಕೊಡುತ್ತದೆ, ಆದರೆ ಬೆಲೆ ಕಟ್ಟಿಸಿಕೊಂಡು. ಚೆಂಡು ಕಳೆದುಹೋದರೆ ಹುಡುಕಲು 3 ನಿಮಿಷ. 2019ಕ್ಕೆ ಮುಂಚೆ 5 ನಿಮಿಷವಿತ್ತು. ಸಿಕ್ಕದಿದ್ದರೆ ಹೊಡೆದ ಜಾಗಕ್ಕೇ ಹಿಂದಿರುಗಬೇಕು, ಮೇಲೆ ಒಂದು ಹೊಡೆತದ ದಂಡವನ್ನೂ ತೆರಬೇಕು.

ಗ್ರಂಥ ಎಷ್ಟು ನಿಷ್ಠುರವೆಂಬುದಕ್ಕೆ 1968ರ ಮಾಸ್ಟರ್ಸ್ ಪಂದ್ಯವೇ ಸಾಕ್ಷಿ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅಂದು ಅಮೋಘವಾಗಿ ಆಡಿದರು. ಅದು ಅವರ 45ನೆಯ ಹುಟ್ಟುಹಬ್ಬದ ದಿನ. 17ನೆಯ ಕುಳಿಗೆ ಅವರು ತೆಗೆದುಕೊಂಡದ್ದು 3 ಹೊಡೆತ. ಅಂಕ ಬರೆಯುತ್ತಿದ್ದ ಜೊತೆ ಆಟಗಾರ ಕಣ್ತಪ್ಪಿ 4 ಎಂದು ಬರೆದರು. ಡಿ ವಿಸೆಂಜೊ ಸರಿಯಾಗಿ ನೋಡದೆ ರುಜು ಹಾಕಿಬಿಟ್ಟರು. ಸಾವಿರಾರು ಜನ ಕಣ್ಣಾರೆ ಕಂಡಿದ್ದರೂ ರುಜು ಬಿದ್ದ ಮೇಲೆ 4 ಎಂದರೆ 4. ಆ ಒಂದು ಅಂಕದಿಂದ, ಸಮಬಲರಾಗಿ ಮರುದಿನ ಮತ್ತೆ ಆಡುವ ಅವಕಾಶ ಹೋಯಿತು; ಬಿರುದು ಬಾಬ್ ಗೋಲ್ಬಿಯವರಿಗೆ ಸಂದಿತು. ಡಿ ವಿಸೆಂಜೊ ಯಾರನ್ನೂ ದೂರಲಿಲ್ಲ; ತಪ್ಪನ್ನು ತಮ್ಮ ತಲೆಯ ಮೇಲೇ ಹೊತ್ತುಕೊಂಡರು. ಪಂದ್ಯವೆಂದ ಮೇಲೆ ಹಾಗೆಯೇ ಇರಬೇಕು. ಇಲ್ಲವಾದರೆ ಗೆಲುವಿಗೆ ಅರ್ಥವಿರದು.

ಎಂದಮೇಲೆ ಮಲ್ಲಿಗನ್ ಎಂಬುದು ನಿಯಮವಲ್ಲ, ದಾಕ್ಷಿಣ್ಯ. ಅದನ್ನು ತಾನಾಗಿ ತೆಗೆದುಕೊಂಡರೆ ಮೋಸ, ಜೊತೆಯವರು ಕೊಟ್ಟರೆ ಸ್ನೇಹ. ಧರ್ಮಾರ್ಥ ಪಂದ್ಯಗಳಲ್ಲಿ ಅದನ್ನು ಹಣಕ್ಕೆ ಮಾರುವುದೂ ಉಂಟು. ಆ ಹಣ ಸತ್ಕಾರ್ಯಕ್ಕೆ ಹೋಗುವುದರಿಂದ ಚಿಂತೆಯಿಲ್ಲ.

ಈಗ ಮನೆಗೆ ಬರೋಣ. ನಮ್ಮ ಅಡಿಗೆಮನೆಯಲ್ಲಿ ಮಲ್ಲಿಗನ್ ಅನಾದಿಯಿಂದಲೂ ಇದೆ. ಮೊದಲ ದೋಸೆ ಕಾವಲಿಗೆ ಅಂಟಿಕೊಂಡರೆ ಯಾವ ಗೃಹಿಣಿಯೂ ಹಿಟ್ಟನ್ನು ಚೆಲ್ಲುವುದಿಲ್ಲ. ಕಾವಲಿಗೆ ಎಣ್ಣೆ ಸವರಿ ಎರಡನೆಯದನ್ನು ಹುಯ್ಯುತ್ತಾಳೆ. ದರ್ಜಿ ಮಕ್ಕಳ ಲಂಗದ ಅಂಚನ್ನು ಒಳಕ್ಕೆ ಮಡಿಸಿ ಹೊಲಿಯುತ್ತಾನೆ. ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಹಿಟ್ಟಿಗೆ, ಬಟ್ಟೆಗೆ ತೋರುವ ಈ ಔದಾರ್ಯವನ್ನು ಮನುಷ್ಯರಿಗೆ ತೋರುವಾಗ ಮಾತ್ರ ನಮ್ಮ ಕೈ ಏಕೆ ಬಿಗಿಯಾಗುತ್ತದೆ?

ಎಲ್ಲರಿಗೂ ಬಿಗಿಯಾಗುತ್ತದೆಂದು ಹೇಳಲಾರೆ. ದುಃಖದ ಸಂಗತಿಯೇ ಅದು. ಗಂಡುಮಗ ನಪಾಸಾದರೆ, “ಪಾಪ, ಮೈ ಸರಿಯಿರಲಿಲ್ಲ, ಮತ್ತೆ ಕಟ್ಟಲಿ” ಎಂದು ಮನೆಯೇ ಅವನ ಬೆನ್ನಿಗೆ ನಿಲ್ಲುತ್ತದೆ. ಒಮ್ಮೆಯಲ್ಲ, ಮೂರು ಸಲ. ಅದೇ ಮನೆಯ ಹೆಣ್ಣುಮಗಳು ಒಂದು ವಿಷಯದಲ್ಲಿ ನಪಾಸಾದರೆ, “ಓದಿದ್ದು ಸಾಕು, ವರ ನೋಡೋಣ” ಎನ್ನುವ ಸ್ವರ ಇಂದಿಗೂ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಪರೀಕ್ಷೆಯ ಬೆಳಗ್ಗೆ ನೀರು ಹಿಡಿದು, ತಮ್ಮನಿಗೆ ತಲೆ ಬಾಚಿ, ಓಡಿಹೋಗಿ ಬೆಂಚಿನ ಮೇಲೆ ಕುಳಿತವಳು ಅವಳು. ನ್ಯೂಜೆರ್ಸಿಯ ನೌಕರ ಬಾಯಿಬಿಟ್ಟು ಕೇಳಿದ, ಇವಳು ಕೇಳಲಿಲ್ಲ.

ಸರಕಾರವೇನೋ ಕೊಟ್ಟಿತು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ 2024ರಲ್ಲಿ ಕರ್ನಾಟಕದಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳು ನಡೆದವು. ಪೂರಕ ಪರೀಕ್ಷೆ ಎಂಬ ಹಳೆಯ ಹೆಸರು ಹೋಗಿ ಪರೀಕ್ಷೆ 1, 2, 3 ಎಂದಾಯಿತು. ಹೆಚ್ಚು ಬಂದ ಅಂಕಗಳನ್ನೇ ಉಳಿಸಿಕೊಳ್ಳಬಹುದೆಂದಾಯಿತು. ಹೆಸರು ಬದಲಾದದ್ದು ಸಣ್ಣ ಮಾತಲ್ಲ. ‘ಪೂರಕ’ ಎಂಬ ಶಬ್ದವೇ ಎಷ್ಟು ಮಕ್ಕಳ ತಲೆ ತಗ್ಗಿಸಿತ್ತು! ಆದರೆ ಎರಡನೆಯ ಪರೀಕ್ಷೆಗೆ ಅರ್ಜಿ ಹಾಕಿಸಬೇಕಾದವರು, ಆ ಒಂದು ತಿಂಗಳು ಮಗಳನ್ನು ಮನೆಗೆಲಸದಿಂದ ಬಿಡಿಸಬೇಕಾದವರು ತಂದೆತಾಯಿಗಳಲ್ಲವೆ?

ಗ್ರಂಥ ಒಪ್ಪಿದರೂ ಜೊತೆಯವರು ಒಪ್ಪದ ಉದಾಹರಣೆ ನಮ್ಮ ಚರಿತ್ರೆಯಲ್ಲಿಯೇ ಇದೆ. ಈಶ್ವರಚಂದ್ರ ವಿದ್ಯಾಸಾಗರರ ಶ್ರಮದಿಂದ 1856ರಲ್ಲಿ ಹಿಂದೂ ವಿಧವೆಯರ ಪುನರ್ವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆಯಿತು. ಬಳಿಕ 43 ವರ್ಷ ಕಳೆದು, 1899ರಲ್ಲಿ, ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಕಾದಂಬರಿಯಲ್ಲಿ ಆ ಮಾತನ್ನೇ ಕನ್ನಡಿಗರ ಮುಂದೆ ಎತ್ತಬೇಕಾಯಿತು. ಕಾನೂನು ಪುಸ್ತಕದಲ್ಲಿತ್ತು, ನೆರೆಹೊರೆಯವರ ಬಾಯಿಗೆ ಬರಲಿಲ್ಲ. ಗಾಲ್ಫಿನಲ್ಲಿ ಗ್ರಂಥ ಕೊಡದಿರುವುದನ್ನು ಗೆಳೆಯರು ಕೊಡುತ್ತಾರೆ. ನಮ್ಮಲ್ಲಿ ಗ್ರಂಥ ಕೊಟ್ಟದ್ದನ್ನು ನೆಂಟರು ಕಸಿದುಕೊಂಡರು.

“ಹೀಗೆ ಎಲ್ಲರಿಗೂ ಮರುಹೊಡೆತ ಕೊಡುತ್ತ ಹೋದರೆ ಶಿಸ್ತು ಉಳಿಯುವುದೆ?” ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಸ್ಸು ಓಡಿಸುವವನಿಗೂ ಶಸ್ತ್ರಚಿಕಿತ್ಸೆ ಮಾಡುವವನಿಗೂ ಮಲ್ಲಿಗನ್ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಪಂದ್ಯದ ದಿನ ಡಿ ವಿಸೆಂಜೊ ನುಂಗಿಕೊಂಡಂತೆ ನುಂಗಿಕೊಳ್ಳಲೇಬೇಕಾದ ಸೋಲುಗಳೂ ಉಂಟು. ಮೇಲಾಗಿ, ಪ್ರತಿ ಕುಳಿಗೂ ಮಲ್ಲಿಗನ್ ಬೇಡುವವನ ಜೊತೆ ಯಾವ ಗೆಳೆಯನೂ ಎರಡನೆಯ ದಿನ ಆಡುವುದಿಲ್ಲ. ಆದರೆ ಮನೆ ಪಂದ್ಯದ ಮೈದಾನವಲ್ಲ. ಹದಿನಾರು ವರ್ಷದ ಮಗುವಿನ ಬಾಳಿನಲ್ಲಿ ಅದು ಇನ್ನೂ ಮೊದಲನೆಯ ಹೊಡೆತ. ಮುಂದೆ ಹದಿನೇಳು ಕುಳಿಗಳಿವೆ.

ಕೊಡುವುದಕ್ಕೂ ಒಂದು ಹೊತ್ತಿದೆ. ಮುಖ ಬಾಡಿದ ಕ್ಷಣದಲ್ಲಿಯೇ ಕೊಡಬೇಕು. ನಾಲ್ಕು ದಿನ ಹಂಗಿಸಿ, ಪಕ್ಕದ ಮನೆಯ ಮಗುವಿನ ಅಂಕಗಳನ್ನು ಓದಿ ಹೇಳಿ, ಆಮೇಲೆ “ಹೋಗಲಿ, ಇನ್ನೊಮ್ಮೆ ಬರೆ” ಎಂದರೆ ಅದು ದಂಡ ಕಟ್ಟಿಸಿಕೊಂಡು ಕೊಟ್ಟ ಚೆಂಡಾಗುತ್ತದೆ. ಕೊಟ್ಟ ಮೇಲೆ ಲೆಕ್ಕ ಇಡಕೂಡದು. ಮೊದಲನೆಯ ಹೊಡೆತದ ನೆನಪನ್ನು ಹಬ್ಬದೂಟದ ಪಂಕ್ತಿಯಲ್ಲಿ ನೆಂಟರ ಮುಂದೆ ಎತ್ತುವ ಗೃಹಸ್ಥನಿಗೆ ಗಾಲ್ಫ್ ಆಡುವವರಿಂದ ಕಲಿಯಬೇಕಾದದ್ದು ಬಹಳವಿದೆ.

ಫಲಿತಾಂಶದ ದಿನ ಪ್ರತಿ ವರ್ಷವೂ ಬರುತ್ತದೆ. ಆ ಸಂಜೆ ನಿಮ್ಮ ಮನೆಯಲ್ಲಿ ಯಾರಾದರೂ ಮಾತಿಲ್ಲದೆ ಕೋಣೆ ಸೇರಿದರೆ ಅಂಕಪಟ್ಟಿಯನ್ನು ಕೇಳಬೇಡಿ. ಮಗನಾದರೂ ಸರಿ, ಮಗಳಾದರೂ ಸರಿ, ಬಾಗಿಲು ತಟ್ಟಿ ಒಂದು ಲೋಟ ಕಾಫಿ ಕೈಗೆ ಕೊಡಿ. ಎರಡನೆಯ ಪರೀಕ್ಷೆಗೆ ಅರ್ಜಿ ಹಾಕುವ ಕಡೆಯ ದಿನ ಯಾವುದೆಂದು ನೀವೇ ವಿಚಾರಿಸಿಕೊಂಡು ಬಂದಿದ್ದರೆ ಇನ್ನೂ ಒಳ್ಳೆಯದು.