ಆರು ಬಣ್ಣದ ಜಗಳ

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ. ಲಂಡನ್ನಿನ ಈ ದಂಪತಿಗಳದ್ದು ಹಾಡು ಮುಗಿಯುವ ತನಕ! ಗಂಡನಿಗೆ ಪಿಂಕ್ ಫ್ಲಾಯ್ಡ್, ಹೆಂಡತಿಗೆ ಕ್ವೀನ್. ಎರಡೂ ಇಂಗ್ಲೆಂಡಿನ ಹಳೆಯ ರಾಕ್ ತಂಡಗಳು.

“1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಧ್ವನಿಮುದ್ರಿಕೆಯ ಹೊದಿಕೆ ನೋಡು, ಬೆಳಕನ್ನು ಬಿಡಿಸುವ ಪಟ್ಟಕ!” ಎಂದು ಅವನ ಜಂಬ.

“ಎಣಿಸಿ ನೋಡಿ, ಆರೇ ಬಣ್ಣ. ನ್ಯೂಟನ್ ಹೇಳಿದ ಏಳರಲ್ಲಿ ಊದಾ ಎಲ್ಲಿ ಹೋಯಿತು?” ಎಂದು ಅವಳ ಕೀಟಲೆ. “ನಮ್ಮ ಬ್ರಯಾನ್ ಮೇ ತಂದೆಯೊಡನೆ ಹಳೆಯ ಅಗ್ಗಿಷ್ಟಿಕೆಯ ಮರವನ್ನೂ ಬಳಸಿ ಗಿಟಾರ್ ಕಟ್ಟಿದವನು. 1970ರ ದಶಕದಲ್ಲಿ ಅರ್ಧಕ್ಕೆ ಬಿಟ್ಟ ಖಗೋಳ ಸಂಶೋಧನೆಯನ್ನು 2007ರಲ್ಲಿ, ಅರವತ್ತರ ವಯಸ್ಸಿನಲ್ಲಿ ಮುಗಿಸಿ ಪಿಎಚ್.ಡಿ. ಪಡೆದ!”

ಹೆತ್ತವರೇ, ಮಗ ಗಿಟಾರ್ ಹಿಡಿದನೆಂದು ಗಾಬರಿ ಬೇಡ. ಮಕ್ಕಳೇ, ಗಿಟಾರ್ ಹಿಡಿದಿರೆಂದು ಪುಸ್ತಕ ಕೆಳಗಿಡಬೇಡಿ.