ಹಳೇ ಗೇಮು, ಹೊಸ ಕನ್ಸೋಲು: ಕಂಪನಿ ಮೊದಲೇ ಬಾಯಿ ಬಿಡಬೇಕೇ?

ಕೊಚ್ಚಿ ಹೊರವಲಯದ ಅಂಬಲಮುಗಳ್ ರಿಫೈನರಿಯ ಊರು. ಕೆಲಸಕ್ಕೆ ಬಂದು ನೆಲೆನಿಂತ ಹೊರರಾಜ್ಯದವರೂ ಗಲ್ಫಿನಲ್ಲಿ ದುಡಿಯುವವರ ಮನೆಯವರೂ ಅಕ್ಕಪಕ್ಕ ಇರುವ ಇಂಥ ಕಡೆ ಗೇಮಿಂಗ್ ಕನ್ಸೋಲ್ ಎರಡು ದಾರಿಯಲ್ಲಿ ಬರುತ್ತದೆ: ಒಂದು ಪೇಟೆಯ ಅಂಗಡಿಯಿಂದ, ಇನ್ನೊಂದು ದುಬೈನಿಂದ ಬರುವವರ ಸೂಟ್‌ಕೇಸಿನಲ್ಲಿ. ಹೊಸ ತಲೆಮಾರಿನ ಯಂತ್ರ ಬಂದಾಗಲೆಲ್ಲ ಎಲ್ಲರದ್ದೂ ಒಂದೇ ಪ್ರಶ್ನೆ: ಮನೆಯಲ್ಲಿರುವ ಗೇಮ್‌ಗಳು ಇದರಲ್ಲಿ ನಡೆಯುತ್ತವೆಯೇ? ಅದನ್ನು ಕಂಪನಿ ಯಾವಾಗ, ಎಷ್ಟು ಹೇಳಬೇಕು ಎಂಬ ಬಗ್ಗೆ ಇಬ್ಬರು ಕನ್ನಡಿಗರ ವಾದ ಇಲ್ಲಿದೆ. ಒಬ್ಬರು ಅಂಬಲಮುಗಳ್ ವಾಸಿ. ಇನ್ನೊಬ್ಬರು ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು.

ಪರ: ದುಡ್ಡು ಎಣಿಸುವ ಮೊದಲೇ ಗೊತ್ತಾಗಬೇಕು

ಪ್ಲೇಸ್ಟೇಷನ್ 5 ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು. ಡಿಸ್ಕ್ ಡ್ರೈವ್ ಇದ್ದದ್ದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಹತ್ತು ಸಾವಿರ ಉಳಿಯಿತೆಂದು ಎರಡನೆಯದನ್ನು ತಂದವರ ಮನೆಯಲ್ಲಿ ಪಿಎಸ್4 ಡಿಸ್ಕ್‌ಗಳ ಸಾಲೇ ಇದ್ದರೆ, ಅವುಗಳಲ್ಲಿ ಒಂದನ್ನೂ ಅದಕ್ಕೆ ಹಾಕುವಂತಿಲ್ಲ. ಕೆಲವು ಗೇಮ್‌ಗಳ ಪಿಎಸ್4 ಡಿಸ್ಕ್ ಇದ್ದವರಿಗೆ ಪಿಎಸ್5 ಆವೃತ್ತಿ ಉಚಿತ ಎಂಬ ಸೌಲಭ್ಯವೂ ಡ್ರೈವ್ ಇದ್ದವರಿಗೆ ಮಾತ್ರ. ಇಂಟರ್‌ನೆಟ್ಟಿನಲ್ಲಿ ಮುಳುಗಿರುವ ಹುಡುಗರಿಗೆ ಇದು ಗೊತ್ತಿರುತ್ತದೆ. ಮಗನ ಹುಟ್ಟುಹಬ್ಬಕ್ಕೆಂದು ಕೊಳ್ಳುವ ತಂದೆತಾಯಿಗೆ ಹೇಗೆ ಗೊತ್ತಾಗಬೇಕು?

ಪ್ಲೇಸ್ಟೇಷನ್ ತಯಾರಿಸುವ ಸೋನಿ ಆ ವರ್ಷಗಳಲ್ಲಿ ಆಡಿದ ಮಾತುಗಳನ್ನೇ ನೋಡಿ. 2020ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ ಮುಖ್ಯಸ್ಥ ಜಿಮ್ ರಯಾನ್, ತಲೆಮಾರುಗಳಲ್ಲಿ ತಮಗೆ ನಂಬಿಕೆಯಿದೆ, ಹೊಸ ಯಂತ್ರದಲ್ಲಷ್ಟೇ ಸಾಧ್ಯವಾಗುವ ಆಟಗಳು ಬರಬೇಕು ಎಂದರು. ಕೇಳಿದವರು ಪಿಎಸ್4ರ ಕಾಲ ಮುಗಿಯಿತೆಂದೇ ಭಾವಿಸಿದರು. ಸೆಪ್ಟೆಂಬರ್‌ನಲ್ಲಿ, ಪ್ರೀ-ಆರ್ಡರ್ ಶುರುವಾಗುವ ಹೊತ್ತಿಗೆ, ಸ್ಪೈಡರ್-ಮ್ಯಾನ್: ಮೈಲ್ಸ್ ಮೊರಾಲೆಸ್, ಹೊರೈಜನ್ ಫರ್ಬಿಡನ್ ವೆಸ್ಟ್ ಗೇಮ್‌ಗಳು ಪಿಎಸ್4ಕ್ಕೂ ಬರುತ್ತವೆಂಬ ಸುದ್ದಿ ಹೊರಬಿತ್ತು. ಮರುವರ್ಷ ಅದೇ ಹೊರೈಜನ್‌ನ ಸಾಮಾನ್ಯ ಪಿಎಸ್4 ಪ್ರತಿ ಕೊಂಡವರಿಗೆ ಪಿಎಸ್5 ಆವೃತ್ತಿ ಸಿಗುವುದಿಲ್ಲ, ದುಬಾರಿ ಪ್ರತಿಯನ್ನೇ ಕೊಳ್ಳಬೇಕು ಎಂದಾಯಿತು. ಗದ್ದಲ ಎದ್ದ ಮೇಲೆ ಕಂಪನಿ ಹಿಂದೆ ಸರಿದು ಉಚಿತ ಮಾಡಿತು. ಮುಂದಿನ ಗೇಮ್‌ಗಳಿಗೆ ಹತ್ತು ಡಾಲರ್ ಎಂದಿತು. ಪ್ರತಿಸಲ ಗದ್ದಲ ಎಬ್ಬಿಸುವ ಕೆಲಸ ಗಿರಾಕಿಯದ್ದೇ ಆಗಬೇಕೇ?

ಪಿಎಸ್3ರದ್ದು ಇನ್ನೂ ಹಳೆಯ ಕತೆ. 2006ರ ಕೊನೆಯಲ್ಲಿ ಜಪಾನ್, ಅಮೆರಿಕಗಳಲ್ಲಿ ಮಾರಿದ ಯಂತ್ರದೊಳಗೆ ಪಿಎಸ್2ರ ಚಿಪ್‌ಗಳೇ ಇದ್ದವು. ಯುರೋಪಿಗೆ ಬಂದ ಮಾದರಿಯಲ್ಲಿ ಪಿಎಸ್2ರ ಮುಖ್ಯ ಪ್ರೊಸೆಸರ್ ಇರಲಿಲ್ಲ, ಆ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟಿದ್ದರು. 2007ರ ಕೊನೆಯ 40 ಜಿಬಿ ಮಾದರಿಯಲ್ಲಂತೂ ಪಿಎಸ್2 ಗೇಮ್ ನಡೆಯುವ ಮಾತೇ ಇಲ್ಲ. ಹೆಸರು ಒಂದೇ, ಒಳಗಿನ ಸರಕು ಮೂರು ಬಗೆ. ಭಾರತದಲ್ಲೇ ತಯಾರಾದ 'ಹನುಮಾನ್: ಬಾಯ್ ವಾರಿಯರ್' 2009ರಲ್ಲಿ ಪಿಎಸ್2ಕ್ಕೆ ಬಂತು. ಅದನ್ನು ಆಡಿದ ಮಗು ಆಮೇಲೆ ಹೊಸ ಪಿಎಸ್3 ಕೊಂಡಿದ್ದರೆ ಆ ಡಿಸ್ಕ್ ಮೂಲೆಗೇ.

ಗಲ್ಫಿನ ದಾರಿಯಲ್ಲಿ ಬರುವ ಸಾಮಾನಿಗೆ ಇನ್ನೊಂದು ತೊಡಕಿದೆ. ದುಬೈನ ಡಿಸ್ಕ್ ಇಲ್ಲಿಯ ಪಿಎಸ್5ರಲ್ಲಿ ನಡೆಯುತ್ತದೆ. ಆದರೆ ಆ ಗೇಮಿಗೆ ಆಮೇಲೆ ದುಡ್ಡು ಕೊಟ್ಟು ಸೇರಿಸುವ ಹೊಸ ಭಾಗಗಳು ಡಿಸ್ಕಿನ ಪ್ರದೇಶಕ್ಕೆ ಹೊಂದಬೇಕು. ಭಾರತದ ಖಾತೆಯಲ್ಲಿ ಕೊಂಡದ್ದು ಕೂಡಿಕೊಳ್ಳದೆ ಹೋಗಬಹುದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆ ತಿಳಿಯುವುದನ್ನು ಹಕ್ಕು ಎಂದು ಹೇಳುತ್ತದೆ. ನಾನು ಕೇಳುವುದು ಅಷ್ಟನ್ನೇ. ಬಾಕ್ಸಿನ ಮೇಲೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಯಾವ ಹಳೆಯ ಗೇಮ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಡಿಸ್ಕ್ ಹಿಡಿಯುತ್ತದೋ ಇಲ್ಲವೋ ಬರೆಯಲಿ. ಹೊಸ ಯಂತ್ರ ಬರುವುದು ಖಚಿತವಾದ ದಿನವೇ ಅದನ್ನೂ ಹೇಳಲಿ. ಮುಂದಿನ ತಿಂಗಳು ಹಳತಾಗುವುದನ್ನು ಈ ತಿಂಗಳು ಪೂರ್ತಿ ಬೆಲೆಗೆ ಮಾರಬಾರದು.

ವಿರೋಧ: ಪರೀಕ್ಷೆ ಮುಗಿಯದೆ ಕೊಟ್ಟ ಮಾತು ನಿಲ್ಲುವುದಿಲ್ಲ

ಬಾಕ್ಸಿನ ಮೇಲೆ ಬರೆಯಲಿ ಎಂಬುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಮೊದಲೇ ಹೇಳಲಿ ಎಂಬುದಕ್ಕೆ.

1997ರಲ್ಲಿ ಅಮೆರಿಕದ ಇ3 ಗೇಮಿಂಗ್ ಮೇಳದಲ್ಲಿ ಸೇಗಾ ಕಂಪನಿಯ ಬರ್ನಿ ಸ್ಟೋಲರ್, ತಾವು ಆಗ ಮಾರುತ್ತಿದ್ದ ಕನ್ಸೋಲ್ ಬಗ್ಗೆಯೇ, ಸ್ಯಾಟರ್ನ್ ನಮ್ಮ ಭವಿಷ್ಯವಲ್ಲ ಎಂದುಬಿಟ್ಟರು. ಮಾತು ಪ್ರಾಮಾಣಿಕವೇ. ಆದರೆ ಮುಂದಿನ ಯಂತ್ರ ಡ್ರೀಮ್‌ಕಾಸ್ಟ್ ಅಮೆರಿಕದ ಅಂಗಡಿ ತಲುಪಿದ್ದು 1999ರ ಸೆಪ್ಟೆಂಬರ್‌ನಲ್ಲಿ. ಮಧ್ಯದ ಎರಡು ವರ್ಷ ಅಲ್ಲಿ ಸ್ಯಾಟರ್ನ್ ಕೇಳುವವರಿಲ್ಲ, ಅದಕ್ಕೆ ಗೇಮ್ ಮಾಡುವವರೂ ಇಲ್ಲ. ಅದಾಗಲೇ ಕೊಂಡವರಿಗೆ ಆ ಪ್ರಾಮಾಣಿಕತೆಯಿಂದ ಸಿಕ್ಕಿದ್ದೇನು? ಗೇಮ್‌ಗಳು ಬತ್ತಿಹೋದವು. 2001ರಲ್ಲಿ ಸೇಗಾ ಕನ್ಸೋಲ್ ತಯಾರಿಕೆಯನ್ನೇ ಬಿಟ್ಟಿತು.

ಕೊಚ್ಚಿಯ ಪೆಂಟಾ ಮೇನಕದಲ್ಲೋ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಸಣ್ಣ ಅಂಗಡಿ ಇಟ್ಟವರನ್ನೂ ನೆನೆಯಬೇಕು. ಸ್ವಂತ ದುಡ್ಡು ಹಾಕಿ ಸ್ಟಾಕ್ ತಂದಿಟ್ಟವರು ಅವರು. ಎರಡು ವರ್ಷ ಮೊದಲೇ ಬಂದ ಒಂದು ಘೋಷಣೆ ಅವರ ಕಪಾಟಿನಲ್ಲಿರುವುದನ್ನೆಲ್ಲ ಅರ್ಧ ಬೆಲೆಗೆ ಇಳಿಸಬಲ್ಲದು.

ಇನ್ನು ನನ್ನ ಕೆಲಸದ ವಿಷಯ. ಹಳೆಯ ಗೇಮ್ ಹೊಸ ಯಂತ್ರದಲ್ಲಿ ನಡೆಯುತ್ತದೆಯೇ ಎಂಬುದು ಸ್ವಿಚ್ ಒತ್ತಿದರೆ ಬರುವ ಉತ್ತರವಲ್ಲ. ಪಿಎಸ್4ರ ಗೇಮ್ ಆ ಯಂತ್ರದ ಚಿಪ್‌ನ ವೇಗಕ್ಕೆ ಒಗ್ಗಿಕೊಂಡಿರುತ್ತದೆ. ಯಂತ್ರ ವೇಗವಾದರೆ ಎಲ್ಲವೂ ಸರಾಗವಾಗುತ್ತದೆಂದು ಜನ ಅಂದುಕೊಳ್ಳುತ್ತಾರೆ. ಆದರೆ ಎರಡು ಕೆಲಸ ಇಂತಿಷ್ಟು ಅಂತರದಲ್ಲೇ ಮುಗಿಯುತ್ತವೆಂದು ನಂಬಿ ಬರೆದ ಕೋಡ್ ಇದ್ದರೆ, ಒಂದು ಬೇಗ ಮುಗಿದದ್ದೇ ಗೇಮ್ ಕುಸಿಯಬಹುದು. ಆದ್ದರಿಂದ ಒಂದೊಂದನ್ನೇ ಆಡಿಸಿ ನೋಡಬೇಕು. ನಿಂಟೆಂಡೊ ಕಂಪನಿ ತನ್ನ ಸ್ವಿಚ್ ಕನ್ಸೋಲಿನ ಮುಂದಿನ ತಲೆಮಾರು ಸ್ವಿಚ್ 2ಕ್ಕಾಗಿ ಹೀಗೆ ನೋಡಬೇಕಿದ್ದದ್ದು ಹೊರಗಿನ ಕಂಪನಿಗಳ ಹದಿನೈದು ಸಾವಿರಕ್ಕೂ ಮೀರಿದ ಗೇಮ್‌ಗಳು.

ಪರೀಕ್ಷೆ ಅರ್ಧದಲ್ಲಿರುವಾಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದು 2020ರ ಮಾರ್ಚ್‌ನಲ್ಲಿ ಕಂಡಿತು. ಪಿಎಸ್5ರ ವಿನ್ಯಾಸಕಾರ ಮಾರ್ಕ್ ಸರ್ನಿ, ಹೆಚ್ಚು ಆಡುವ ನೂರು ಪಿಎಸ್4 ಗೇಮ್‌ಗಳನ್ನು ನೋಡಿದ್ದೇವೆ, ಬಹುತೇಕ ಎಲ್ಲವೂ ನಡೆಯುತ್ತವೆ ಎಂದರು. ಜನ ಕೇಳಿಸಿಕೊಂಡದ್ದು: ನೂರೇ ನಡೆಯುತ್ತವೆ! ನಾಲ್ಕು ಸಾವಿರಕ್ಕೂ ಹೆಚ್ಚು ಇವೆ, ಅವುಗಳಲ್ಲಿ ಹೆಚ್ಚಿನವು ನಡೆಯುವ ನಿರೀಕ್ಷೆಯಿದೆ ಎಂದು ಕಂಪನಿ ಮತ್ತೆ ವಿವರಣೆ ಕೊಡಬೇಕಾಯಿತು. ಒಬ್ಬ ಎಂಜಿನಿಯರ್ ನಿಜವನ್ನೇ ಹೇಳಿದ್ದರು. ಆ ನಿಜ ಇನ್ನೂ ಅರ್ಧದಲ್ಲಿತ್ತು, ಅಷ್ಟೇ.

ನಿಂಟೆಂಡೊ ಹಿಡಿದ ಕ್ರಮ ನನಗೆ ಸರಿಕಾಣುತ್ತದೆ. 2024ರ ಮೇಯಲ್ಲಿ ಹೊಸ ಯಂತ್ರದ ಬಗ್ಗೆ ಈ ಹಣಕಾಸು ವರ್ಷದೊಳಗೆ ಹೇಳುತ್ತೇವೆಂಬ ಒಂದು ಮಾತು. ನವೆಂಬರ್‌ನಲ್ಲಿ, ಈಗಿನ ಸ್ವಿಚ್ ಗೇಮ್‌ಗಳು ಅದರಲ್ಲೂ ನಡೆಯುತ್ತವೆ ಎಂಬ ಭರವಸೆ. 2025ರ ಜನವರಿಯಲ್ಲಿ ಯಂತ್ರವನ್ನು ತೋರಿಸಿದಾಗ ಕೆಲವು ಗೇಮ್ ನಡೆಯದಿರಬಹುದೆಂಬ ಎಚ್ಚರಿಕೆ. ಏಪ್ರಿಲ್‌ನಲ್ಲಿ ಪಟ್ಟಿ, ಜೂನ್ 5ಕ್ಕೆ ಮಾರಾಟ. ತಿಳಿದಷ್ಟನ್ನು, ತಿಳಿದ ಮೇಲೆ.

ಸೋನಿಯೂ ಕೊನೆಗೆ ಅದನ್ನೇ ಮಾಡಿತು. 2020ರ ಅಕ್ಟೋಬರ್‌ನಲ್ಲಿ ಪಿಎಸ್5ರಲ್ಲಿ ನಡೆಯದ ಗೇಮ್‌ಗಳ ಪಟ್ಟಿ ಬಂತು. ನೂರರ ಗೊಂದಲವಿಲ್ಲ, ಊಹೆಯಿಲ್ಲ. ಅದರಲ್ಲಿದ್ದದ್ದು ಹತ್ತೇ ಹೆಸರು. ಭಾರತದಲ್ಲಿ ಆ ಯಂತ್ರ ಮಾರಾಟಕ್ಕೆ ಬರಲು ಆಗಿನ್ನೂ ಮೂರು ತಿಂಗಳಿಗೂ ಮೇಲೆ ಬಾಕಿಯಿತ್ತು.